ನಾನು ಬರೆದುಕೊಟ್ಟ ಹೆಸರುಗಳು

ಏಪ್ರಿಲ್ 9, 2014. ಬುಧವಾರ

ಬೀಟ್‌ರೂಟ್ ಬೇಯಲು ಇಟ್ಟಿದ್ದೆ. ಪಕ್ಕದ ಮನೆಯ ಲುದ್ಮಿವಾ ಬಂದಳು. ಕೈಯಲ್ಲಿ ಲಕೋಟೆ.

"ಬಂತು ಕಣೇ ಗೆನ್ಯಾ! ನಮ್ಮ ಯಜಮಾನ್ರ ಕಡತ ಸಿಕ್ಕಿದೆಯಂತೆ. ಇಪ್ಪತ್ನಾಲ್ಕಕ್ಕೆ ಬಂದು ನೋಡಿ ಅಂತ ಬರೆದಿದಾರಂತೆ, ಪೋಸ್ಟಿನವನು ಓದಿ ಹೇಳ್ದ."

ಹಳೇ ಕಮ್ಯುನಿಸ್ಟ್ ಸರ್ಕಾರದ ಗುಪ್ತ ಪೊಲೀಸರ ಕಡತ. ಅರ್ಜಿ ಹಾಕಿದ್ದನ್ನೇ ನನಗೆ ಹೇಳಿರಲಿಲ್ಲ.

"ಈ ಪೊರೆ ಬಂದ ಕಣ್ಣಲ್ಲಿ ನಂಗೇನು ಕಾಣತ್ತೆ? ನೀನೇ ಬಂದು ಓದಿ ಹೇಳು. ನಮ್ಮ ಝೆನೋನ್ ಹೆಸರನ್ನ ಪೊಲೀಸ್ರಿಗೆ ಕೊಟ್ಟೋರು ಯಾರು ಅಂತ ಸಾಯೋಕ್ ಮುಂಚೆ ಗೊತ್ತಾಗ್ಲಿ."

ಹ್ಞೂಂ ಎಂದೆ. ಬೀಟ್‌ರೂಟ್ ತಳ ಹತ್ತಿತು.

ಏಪ್ರಿಲ್ 10

ಈ ಡೈರಿಯಲ್ಲಾದರೂ ನಿಜ ಬರೆದುಬಿಡುತ್ತೇನೆ.

1973. ಫಾದರ್ ಕ್ಲೆಮೆನ್ಸ್ ಮನೆಯಲ್ಲಿ ಅಡುಗೆಗಿದ್ದೆ. ಚರ್ಚು ಕಟ್ಟಲು ಪರವಾನಗಿ ಇಲ್ಲ. ನಮ್ಮವರು ಬಯಲಲ್ಲಿ ತಗಡಿನ ಚಪ್ಪರ ಎಬ್ಬಿಸಿದರು. ಕ್ರಾಕೋವ್‌ನಿಂದ ಕಾರ್ಡಿನಲ್ ಬಂದು ಹಿಮದಲ್ಲೇ ಬಲಿಪೂಜೆ ಅರ್ಪಿಸಿದರು. ಮುಂದೆ ಪೋಪ್ ಆದದ್ದು ಅವರೇ. ಈ ತಿಂಗಳು ಸಂತರೆಂದು ಸಾರುವುದೂ ಅವರನ್ನೇ.

ಆ ವಾರವೇ ಇಬ್ಬರು ಗುಪ್ತ ಪೊಲೀಸರು ನನ್ನನ್ನು ಕರೆಸಿದರು. ಹೊಡೆಯಲಿಲ್ಲ. ಚಹಾ ಕೊಟ್ಟರು. "ಮಗಳಿಗೆ ನರ್ಸಿಂಗ್ ಸೀಟು ಬೇಕಲ್ವಾ ಅಮ್ಮ?" ಅಷ್ಟೇ ಕೇಳಿದ್ದು.

ನಾಲ್ಕು ಹಾಳೆ ಬರೆದುಕೊಟ್ಟೆ. ತಗಡು ಹೊತ್ತವರು, ಸಿಮೆಂಟ್ ತಂದವರು… ಮೂರನೇ ಹೆಸರು ಝೆನೋನ್. ಉಕ್ಕಿನ ಕಾರ್ಖಾನೆಯಿಂದ ಅವನನ್ನು ತೆಗೆದರು. ಹನ್ನೊಂದು ವರ್ಷ ಕಲ್ಲಿದ್ದಲು ಇಳಿಸಿದ. ಶ್ವಾಸಕೋಶ ಹೋಯಿತು.

ಮಗಳು ನರ್ಸ್ ಆದಳು. ಝೆನೋನ್‌ಗೆ ಕೊನೆಯ ದಿನಗಳಲ್ಲಿ ಇಂಜೆಕ್ಷನ್ ಕೊಟ್ಟವಳು ಅವಳೇ. ಲುದ್ಮಿವಾ ಆಗ ನನ್ನ ಕೈ ಹಿಡಿದುಕೊಂಡು ಅತ್ತಿದ್ದಳು.

ಏಪ್ರಿಲ್ 19, ಪವಿತ್ರ ಶನಿವಾರ

ಊಟ ಸೇರುತ್ತಿಲ್ಲ. ಯಾವ ಕಿಟಕಿ ನೋಡಿದರೂ ಆ ಪೋಪರದೇ ಫೋಟೋ, ಅವರ ಹಳದಿ-ಬಿಳಿ ಬಾವುಟ. ಮೊಟ್ಟೆ, ರೊಟ್ಟಿ ತುಂಬಿದ ಈಸ್ಟರ್ ಬುಟ್ಟಿಗಳಿಗೆ ಪಾದ್ರಿಯ ಆಶೀರ್ವಾದ ಪಡೆಯಲು ಇಬ್ಬರೂ ಚರ್ಚಿನ ಸಾಲಿನಲ್ಲಿ ನಿಂತೆವು. ಧೈರ್ಯ ಮಾಡಿ ಕೇಳಿದೆ.

"ಹೆಸರು ಗೊತ್ತಾದ್ರೆ ಏನ್ಮಾಡ್ತೀಯ?"

"ಮುಖಕ್ಕೆ ಉಗೀತೀನಿ."

"ಪೋಪ್… ತಮಗೆ ಗುಂಡು ಹೊಡೆದವನನ್ನೂ ಜೈಲಿಗೇ ಹೋಗಿ ಕ್ಷಮಿಸಿದ್ರಲ್ಲೇ."

"ಅದಕ್ಕೇ ಅವರು ಸಂತರು. ನಾನು ಕಲ್ಲಿದ್ದಲು ಇಳಿಸೋನ ಹೆಂಡ್ತಿ." ನಕ್ಕು ನನ್ನ ಕೈ ಹಿಡಿದಳು. "ಯಾಕೇ ಹೀಗೆ ಬೆವರ್ತಿದೀಯ? ಮೊಟ್ಟೆ ಬೀಳಿಸ್ತೀಯ ನೋಡು!"

ಏಪ್ರಿಲ್ 23

ನಾಳೆ.

ಬೇರೆ ಹೆಸರು ಓದಿಬಿಡಬಹುದು. ಅವಳಿಗೆ ಕಾಣುವುದಿಲ್ಲ. ಚರ್ಚಿನ ಗಂಟೆ ಹೊಡೆಯುತ್ತಿದ್ದ ತಾದೆವುಷ್ ಸತ್ತು ಇಪ್ಪತ್ತು ವರ್ಷ. ಹೆಂಡತಿ ಮಕ್ಕಳಿಲ್ಲ. ಯಾರಿಗೆ ನಷ್ಟ?

ಆ ಹೆಸರು ಎಷ್ಟು ಬೇಗ ಹೊಳೆಯಿತು… ನನಗೆ ನನ್ನದೇ ಭಯ.

ಏಪ್ರಿಲ್ 24, ಸಂಜೆ 5

ಹೋಗಿ ಬಂದೆ.

ಕಡತಗಳ ಕಚೇರಿಯಲ್ಲಿ ಉದ್ದನೆಯ ಮೇಜು. ಕಂದು ರಟ್ಟಿನ ಕಡತ. ತೆರೆದ ಕೂಡಲೇ ನನ್ನ ಅಕ್ಷರ — ಬಾಲ ಎಳೆದ ಅದೇ ಅಕ್ಷರ. ಕೆಳಗೆ 'ಗುಬ್ಬಿ' ಎಂಬ ಗುಪ್ತನಾಮ. ಅದರ ಪಕ್ಕದಲ್ಲಿ ಯಾರೋ ಟೈಪ್ ಮಾಡಿದ ನನ್ನ ನಿಜವಾದ ಹೆಸರು.

"ಓದೇ," ಎಂದಳು.

ಓದಿದೆ. ತಗಡು, ಸಿಮೆಂಟ್, ಹೊತ್ತವರ ಹೆಸರುಗಳು. ಝೆನೋನ್ ಹೆಸರು ಬಂದಾಗ ಅವಳು ಮೇಜಿನ ಅಂಚು ಹಿಡಿದಳು.

"ಬರೆದೋರು?"

ತಾದೆವುಷ್ ಎಂದು ಬಾಯಿ ತೆರೆದೆ. ಆಣೆಗೂ ತೆರೆದೆ. ಕಣ್ಣು ಮಾತ್ರ ಟೈಪ್ ಮಾಡಿದ ಆ ಹೆಸರಿನ ಮೇಲೇ ಇತ್ತು.

"ಬರೆದೋರು ಯಾರೇ?"

"ನಾನು."

ಅವಳಿಗೆ ಅರ್ಥವಾಗಲಿಲ್ಲ. "ಏನು ನೀನು?"

"ನಾನೇ ಲುದ್ಮಿವಾ. ನನ್ನ ಹೆಸರೇ ಇದೆ ಇಲ್ಲಿ."

ಉಗಿಯಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳಲು ಹೋದಳು, ಆಗಲಿಲ್ಲ. ನಾನು ಕೈ ಚಾಚಿದೆ. ಹಿಂದೆ ಸರಿದಳು. ಟ್ರಾಮ್‌ನಲ್ಲಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಳು. ಇಳಿಯುವಾಗ ಮೆಟ್ಟಿಲು ಕಾಣದೆ ತಡವರಿಸಿದಳು. ಯಾರೋ ಅಪರಿಚಿತರು ಹಿಡಿದುಕೊಂಡರು.

ಏಪ್ರಿಲ್ 27, ಭಾನುವಾರ. ಬೆಳಿಗ್ಗೆ 10.20

ಎಲ್ಲರೂ ಸಂತ ಪದವಿಯ ಸಮಾರಂಭ ನೋಡಲು ಚರ್ಚಿನ ಮುಂದಿನ ದೊಡ್ಡ ಪರದೆಯ ಹತ್ತಿರ. ನಾನು ಹೋಗಲಿಲ್ಲ. ಟಿವಿ ಹಚ್ಚಿದ್ದೇನೆ. ಗೋಡೆಯಾಚೆ ಅವಳ ಟಿವಿಯಲ್ಲೂ ಅದೇ ಲ್ಯಾಟಿನ್ ಪ್ರಾರ್ಥನೆ, ಅರೆ ಕ್ಷಣ ತಡವಾಗಿ. ಅವಳೂ ಹೋಗಿಲ್ಲ! ಮೂರು ದಿನದ ಮೇಲೆ ಆ ಮನೆಯಿಂದ ಇದೇ ಮೊದಲ ಸದ್ದು.

ಸಂತರೆಂದು ಸಾರಿದರು. ಊರಿನ ಗಂಟೆಗಳೆಲ್ಲ ಒಟ್ಟಿಗೆ.

ಅವಳ ಟಿವಿ ಆರಿತು.

ಬಾಗಿಲು ತೆರೆದ ಸದ್ದು. ಊರುಗೋಲು. ಮೆಟ್ಟಿಲ ಕಡೆ ಹೋಗುತ್ತಿಲ್ಲ, ಈ ಕಡೆಗೇ.

ನಿಂತಳು. ಉಸಿರು ಕೇಳಿಸುತ್ತಿದೆ.

"ಗೆನ್ಯಾ."

ಅಷ್ಟೇ. ದನಿಯಲ್ಲಿ ಏನಿದೆ ಎಂದು ತಿಳಿಯುತ್ತಿಲ್ಲ. ಬಾಗಿಲು ತೆಗೆಯುತ್ತೇನೆ, ಉಗಿಯಲೆಂದೇ ಬಂದಿದ್ದರೂ ತೆಗೆಯುತ್ತೇನೆ.