ಮಾವನ ಮಂಡಿ, ಸೊಸೆಯ ಕೈಯ ಕೆಂಪು ಪಟ್ಟಿ

ಹೂಡಿಕೆ ತಿಳಿವಳಿಕೆ ಇಲಾಖೆಯ ನಿರ್ದೇಶಕರಿಗೆ,

ಊರಿಗೆಲ್ಲ ಧೈರ್ಯ ಹಂಚುವ ಮಾನ್ಯರೇ,

ನೀವು ನನಗೆ ಕೊಟ್ಟ ಧೈರ್ಯವನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ಅದನ್ನು ಇಟ್ಟುಕೊಂಡ ತಪ್ಪಿಗೆ ನನ್ನ ಮಾವ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಕೈದಿಯಾಗಿದ್ದಾರೆ. ನಿಮ್ಮ ಇಲಾಖೆ ನಡೆಸಿದ ಒಂದು ದಿನದ ತರಬೇತಿಯಲ್ಲಿ ನಮ್ಮ ಇಡೀ ಕುಟುಂಬವನ್ನು ‘ಧೈರ್ಯಶಾಲಿ ಹೂಡಿಕೆದಾರರು’ ಎಂದು ಘೋಷಿಸಲಾಯಿತು. ಆ ಘೋಷಣೆಯನ್ನು ನಂಬಿ, ಮಾವನ ಎರಡು ಮಂಡಿಗಳ ಶಸ್ತ್ರಚಿಕಿತ್ಸೆಗೆಂದು ಎತ್ತಿಟ್ಟಿದ್ದ ಹಣವನ್ನು ಮೂರು ವರ್ಷ ಬೀಗ ಬೀಳುವ ಒಂದು ಷೇರು ಯೋಜನೆಗೆ ಹಾಕಿದೆವು. ಈಗ ಅಲ್ಲಿ ನೂರಕ್ಕೆ ಅರವತ್ತು ಉಳಿದಿದೆ. ಆ ಅರವತ್ತೂ ಬೀಗದೊಳಗಿದೆ.

ಇದೇ ದೂರನ್ನು ನಿಮಗೆ ಹಿಂದೆ ಇಂಗ್ಲಿಷಿನಲ್ಲಿ ಬರೆದಿದ್ದೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ಒತ್ತಕ್ಷರ ತಪ್ಪಿದ್ದರೆ ಇದನ್ನು ಅಚ್ಚು ಹಾಕುವ ಪತ್ರಿಕೆಯವರು ತಿದ್ದಲಿ. ನಿಮ್ಮ ಕಚೇರಿಯಿಂದ ಬಂದ ಉತ್ತರವೂ ಸೊಗಸಾದ ಇಂಗ್ಲಿಷಿನಲ್ಲಿತ್ತು. ಮಾವ ಅದನ್ನು ಕೈಯಲ್ಲಿ ಹಿಡಿದು, ಕಾಗದ ಸವರಿ, “ಅಚ್ಚು ಚೆನ್ನಾಗಿ ಕೂತಿದೆ” ಅಂದರು. ಅವರು ಮುದ್ರಣಾಲಯದ ಯಂತ್ರದ ಮುಂದೆ ನಿಂತು ನಿಂತೇ ಮಂಡಿ ಸವೆಸಿಕೊಂಡವರು, ಅಷ್ಟು ಹೇಳಬಲ್ಲರು. ಒಳಗೆ ಏನಿದೆ ಎಂದು ಅವರಿಗೆ ಹೇಳುವ ಬಾಯಿ ನನಗಿರಲಿಲ್ಲ. ಈ ಸಲ ಅವರೂ ಓದಲಿ, ನಿಮ್ಮ ಮನೆಯವರೂ ಓದಲಿ.

ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ‘ನನ್ನ ಗಂಡ’ ಎಂದು ಬರೆಯುವಾಗ ಈಗಲೂ ನಗು ಬರುತ್ತದೆ, ಇಂಥ ಪತ್ರದಲ್ಲೂ ಬರುತ್ತದೆ, ಏನು ಮಾಡಲಿ! ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ನಾನು ಎಲ್‌ಕೆಜಿ ಟೀಚರ್. ಮದುವೆಯ ಹೊಸತರಲ್ಲಿ ನಮಗೆ ಕಂಡದ್ದೆಲ್ಲ ಚೆನ್ನ. ಅಡುಗೆಮನೆಯ ನಲ್ಲಿ ಸೋರಿದರೆ ಅದೂ ಚೆನ್ನ. ಒಂದೇ ಕೊಡೆಯಡಿ ಅರ್ಧರ್ಧ ನೆನೆದರೆ ಅದಂತೂ ಇನ್ನೂ ಚೆನ್ನ. ಅಂಥ ದಿನಗಳಲ್ಲಿ ಬಸ್ ನಿಲ್ದಾಣದ ಗೋಡೆಯ ಮೇಲೆ ನಿಮ್ಮ ಪೋಸ್ಟರ್ ಕಂಡಿತು: ‘ನವದಂಪತಿಗಳೇ, ಹಣವನ್ನು ಆಳಲು ಕಲಿಯಿರಿ. ಧೈರ್ಯವಾಗಿ ಹೂಡಿರಿ. ಪ್ರವೇಶ ಉಚಿತ, ಊಟವೂ ಉಂಟು.’ ಸಂಬಳ ಬಂದ ವಾರಕ್ಕೆ ಎಲ್ಲಿ ಮಾಯವಾಗುತ್ತದೆ ಎಂದು ಗೊತ್ತಾಗದೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದ ಕಾಲ ಅದು. ನಿಜವಾಗಿಯೂ ಕಲಿಯಬೇಕೆಂದೇ ಹೋದೆವು, ಮಾನ್ಯರೇ. ಹೊಸ ಪೆನ್ನು ಕೊಂಡುಕೊಂಡು ಹೋದೆವು.

ಅಲ್ಲಿ ಏನು ಕಲಿಸಿದಿರಿ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಉದ್ಘಾಟನೆಯ ದೀಪ ಬೆಳಗಿ ನೀವು ಹೊರಟುಹೋದಿರಿ. ಆಮೇಲೆ ಟೈ ಕಟ್ಟಿದ ತರಬೇತುದಾರರೊಬ್ಬರು ಬಂದು, “ಬ್ಯಾಂಕಲ್ಲಿ ಮಲಗಿರೋ ದುಡ್ಡು ಸೋಂಬೇರಿ ಮಗ ಇದ್ದಹಾಗೆ, ಎಬ್ಬಿಸಿ ಕೆಲಸಕ್ಕೆ ಕಳಿಸಿ!” ಎಂದರು. ಸಭಾಂಗಣ ಘೊಳ್ಳೆಂದು ನಕ್ಕಿತು. ಖರ್ಚಿನ ಲೆಕ್ಕ ಇಡುವುದು ಹೇಗೆ, ಕಷ್ಟಕಾಲಕ್ಕೆಂದು ಎಷ್ಟು ಮುಟ್ಟದೆ ಇಡಬೇಕು, ಬೇಗ ಬೇಕಾಗುವ ಹಣ ಯಾವುದು, ನಿಧಾನವಾಗಿ ಬೆಳೆಯಬಹುದಾದ ಹಣ ಯಾವುದು, ಇವೆಲ್ಲ ಊಟದ ನಂತರ ಬರುತ್ತವೆ ಎಂದುಕೊಂಡೆ. ಊಟದ ನಂತರ ಬಂದದ್ದು ಪಟ್ಟಿ.

ಓದುಗರಿಗೆ ಹೇಳಬೇಕು. ಪಟ್ಟಿ ಎಂದರೆ ಕೈಗೆ ಹಾಕುವ ರಬ್ಬರಿನ ಪಟ್ಟಿ. ಹಸಿರು ಎಂದರೆ ಅಂಜುವವರು, ಹಳದಿ ಎಂದರೆ ಮಧ್ಯಮದವರು, ಕೆಂಪು ಎಂದರೆ ಧೈರ್ಯಶಾಲಿಗಳು. ಕುಟುಂಬಕ್ಕೆ ಒಂದೇ ಬಣ್ಣ. ಯಾರಾದರೊಬ್ಬರು ಎದ್ದು ಉತ್ತರ ಹೇಳಿದರೆ ಸಾಕು. ನಮ್ಮ ಸರದಿ ಬಂದಾಗ ನನ್ನ ಗಂಡ ಮೊಣಕೈಯಿಂದ ತಿವಿದು, “ನೀನೇ ಹೇಳು, ಟೀಚರಮ್ಮ” ಅಂದ. ಎದ್ದುನಿಂತೆ.

“ಮೇಡಂ, ನಾಳೆ ಬೆಳಗ್ಗೆ ನಿಮ್ಮ ದುಡ್ಡು ಮೂರರಲ್ಲಿ ಒಂದು ಭಾಗ ಹೋಯ್ತು ಅಂದ್ಕೊಳ್ಳಿ. ಅಳ್ತೀರಾ? ಕಾಯ್ತೀರಾ? ನಗ್ತಾ ಇನ್ನಷ್ಟು ಹಾಕ್ತೀರಾ?”

ನಾನು ಗಂಡನ ಮುಖ ನೋಡಿದೆ. ಅವನು ನಗುತ್ತಿದ್ದ. “ನಗ್ತೀವಿ!” ಅಂದೆ.

ಚಪ್ಪಾಳೆ! ಮಾನ್ಯರೇ, ಎಂಥ ಚಪ್ಪಾಳೆ! ನಮಗಿಂತ ಮುಂಚೆ ಹಸಿರು ಪಟ್ಟಿ ಹಾಕಿಸಿಕೊಂಡ ಒಬ್ಬ ಹಿರಿಯರು ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡರು. ನನ್ನ ಕೈಗೆ ಕೆಂಪು ಪಟ್ಟಿ ಬಂತು. ನಾನು ದಿನವೂ ನಾಲ್ಕು ವರ್ಷದ ಮಕ್ಕಳ ಹಣೆಗೆ ಸ್ಟಾರ್ ಅಂಟಿಸುವವಳು. ಒಂದು ಸ್ಟಾರಿಗಾಗಿ ಮಗು ಬರದ ಪದ್ಯವನ್ನೂ ಬರುತ್ತದೆ ಎನ್ನುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅದೇ ವಿದ್ಯೆಯನ್ನು ನನ್ನ ಮೇಲೆ ಪ್ರಯೋಗಿಸಿದಾಗ ನಾನೂ ಅಷ್ಟೇ ಚಂದವಾಗಿ ಹಣೆ ಒಡ್ಡಿದೆ. ನನ್ನ ಎಲ್‌ಕೆಜಿಯಲ್ಲಿ ಸ್ಟಾರ್ ಉದುರಿದರೆ ಅಲ್ಲಿಗೆ ಮುಗಿಯಿತು. ನಿಮ್ಮ ಎಲ್‌ಕೆಜಿಯಲ್ಲಿ ಬಾಗಿಲ ಬಳಿಯೇ ಹೂಡಿಕೆ ಕಂಪನಿಯ ಮೇಜು ಇತ್ತು. ಪಟ್ಟಿಯ ಬಣ್ಣಕ್ಕೆ ತಕ್ಕ ಯೋಜನೆ, ಪಟ್ಟಿಯ ಬಣ್ಣಕ್ಕೆ ತಕ್ಕ ಶರತ್ತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನನ್ನ ಕೈ ನೋಡಿದರು.

“ಇದೇನೇ, ಆಸ್ಪತ್ರೆಗೆ ಸೇರಿಸ್ಕೊಂಡಿದ್ರಾ?”

“ಅಲ್ಲ ಅತ್ತೆ, ನಾವು ಧೈರ್ಯವಂತರು ಅಂತ ಸರ್ಕಾರವೇ ಹೇಳಿದೆ!”

“ಹೌದಾ? ಹಾಗಾದ್ರೆ ಮೊದಲು ಬಚ್ಚಲಲ್ಲಿರೋ ಜಿರಳೆ ಹೊಡಿ.”

ಮಾವ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡರು. ಅವರ ನಿವೃತ್ತಿಯ ಹಣ ಬ್ಯಾಂಕಿನಲ್ಲಿತ್ತು. ಸಕ್ಕರೆ ಹತೋಟಿಗೆ ಬಂದ ಮೇಲೆ ಮಂಡಿ ಬದಲಿಸೋಣ, ಆರೇಳು ತಿಂಗಳು ಬಿಟ್ಟು ಬನ್ನಿ ಎಂದು ವೈದ್ಯರು ಹೇಳಿದ್ದರು. ಸೋಂಬೇರಿ ಮಗ ಆರೇಳು ತಿಂಗಳು ಸುಮ್ಮನೆ ಯಾಕೆ ಮಲಗಬೇಕು, ಅಷ್ಟರಲ್ಲಿ ಆಸ್ಪತ್ರೆಯ ಒಳ್ಳೆಯ ಕೋಣೆಗಾದರೂ ದುಡಿದು ತರಲಿ ಎಂದು ನಾನು ಹುರುಪಿನಿಂದ ಹೇಳಿದೆ. ಮೂರು ವರ್ಷ ಬೀಗವಂತೆ, ಆದರೆ ಕಾಯಿಲೆ ಕಸಾಲೆಗೆ ಅರ್ಜಿ ಹಾಕಿದರೆ ಬಿಡುತ್ತಾರಂತೆ ಎಂದೆ. ಮೇಜಿನವರು ಹಾಗೆಯೇ ಹೇಳಿದ್ದರು. ಮೇಜಿನವರು ಕೊಟ್ಟಿದ್ದ ಇಂಗ್ಲಿಷಿನ ಶರತ್ತಿನ ಪುಸ್ತಕವನ್ನು ಮಾವ ನನ್ನ ಕೈಗಿಟ್ಟರು.

“ಓದಮ್ಮ, ಕೇಳೋಣ.”

ಓದಿದೆ. ಎಷ್ಟು ಚೆನ್ನಾಗಿ ಓದಿದೆ ಎಂದರೆ, ಕಾನ್ವೆಂಟಿನಲ್ಲಿ ನನಗೆ ವಾಚನಕ್ಕೆ ಬಹುಮಾನ ಬಂದದ್ದು ಸುಮ್ಮನೆ ಅಲ್ಲ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ, ಎಲ್ಲಿ ಸ್ವರ ಏರಿಸಬೇಕೋ ಅಲ್ಲಿ ಏರಿಸಿದೆ. ಅರ್ಥ? ಅರ್ಧಕ್ಕರ್ಧ ನನಗೂ ಆಗಲಿಲ್ಲ. ಮಾವ ಕಣ್ಣು ಮುಚ್ಚಿ ಹಾಡು ಕೇಳಿದ ಹಾಗೆ ಕೇಳಿ, “ಎಷ್ಟು ನೀಟಾಗಿ ಓದ್ತೀಯಮ್ಮ! ನೀನಿರುವಾಗ ನಮಗೇನು ಭಯ” ಎಂದು ಸಹಿ ಹಾಕಿದರು.

ಮಾನ್ಯರೇ, ಸೊಸೆ ಇಂಗ್ಲಿಷ್ ಓದಿದ್ದಾಳೆ ಎಂಬುದೇ ಹೂಡಿಕೆಗೆ ಆಧಾರವಾಗುವ ಮನೆ ನಮ್ಮದೊಂದೇ ಅಲ್ಲ. ಮಾತು ಬಲ್ಲವರೆಲ್ಲ ವಿಷಯ ಬಲ್ಲವರಲ್ಲ ಎಂದು ಒಂದು ಸಾಲು ಹೇಳಬೇಕಾದವರು ಯಾರು? ತಿಳಿವಳಿಕೆ ಇಲಾಖೆ ಅಲ್ಲವೇ?

ಮುಂದಿನದು ನಿಮಗೂ ಗೊತ್ತು. ಷೇರು ಪೇಟೆ ಬಿದ್ದದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಪೇಟೆ ಬೀಳುತ್ತದೆ, ಏಳುತ್ತದೆ, ಅದಕ್ಕೆ ನಿಮ್ಮನ್ನು ದೂರುವಷ್ಟು ದಡ್ಡಿ ನಾನಲ್ಲ. ಮೂರು ವರ್ಷ ಕಾದರೆ ನೂರು ನೂರೈವತ್ತಾದರೂ ಆದೀತು. ಆದರೆ ಮಂಡಿ ಕಾಯುವುದಿಲ್ಲವಲ್ಲ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದಾಗ, ಉಳಿದದ್ದನ್ನಾದರೂ ಕೊಡಿ ಎಂದು ಅರ್ಜಿ ಹಾಕಿದೆವು. ಉತ್ತರ ಬಂತು: ಅನಾರೋಗ್ಯದ ಕಾರಣಕ್ಕೆ ಬೀಗ ತೆರೆಯುವ ಸೌಲಭ್ಯ ಹಸಿರು ಮತ್ತು ಹಳದಿ ವರ್ಗಕ್ಕೆ ಮಾತ್ರ, ಕೆಂಪು ವರ್ಗಕ್ಕೆ ಅನ್ವಯಿಸುವುದಿಲ್ಲ. ಅಂದರೆ, ಧೈರ್ಯಶಾಲಿಗಳಿಗೆ ಕಾಯಿಲೆ ಬರುವುದಿಲ್ಲ. ಬಂದರೂ ನಗುತ್ತಾರೆ.

ಕಂಪನಿಯ ಕಿಟಕಿಯಲ್ಲಿ ಕೂತ ಹುಡುಗಿ ಒಳ್ಳೆಯವಳು. “ಮೇಡಂ, ನಾವೇನ್ ಮಾಡಕ್ಕಾಗತ್ತೆ? ನೀವು ಕೆಂಪು ಅಂತ ಇಲಾಖೆನೇ ಹೇಳಿದೆ. ಬಣ್ಣ ತಪ್ಪಾಗಿದೆ ಅಂತ ಅವರ ಕೈಲಿ ಒಂದು ಸಾಲು ಬರೆಸ್ಕೊಂಡು ಬನ್ನಿ, ಇವತ್ತೇ ಬಿಡಿಸ್ಕೊಡ್ತೀನಿ” ಎಂದಳು. ಹಾರಿಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು, “ಬಣ್ಣ ಹೇಳಿದ್ದು ನಾವಲ್ಲಮ್ಮ, ನೀವೇ. ನಾವು ಬರೀ ಪಟ್ಟಿ ಹಾಕಿದ್ದು” ಎಂದರು. ನಿಮ್ಮನ್ನು ನೋಡಬೇಕೆಂದೆ. ನೀವು ಮುಂದಿನ ತರಬೇತಿಯ ದೀಪ ಬೆಳಗಲು ಹೋಗಿದ್ದಿರಿ. ಆಮೇಲೆ ಆ ಸೊಗಸಾದ ಇಂಗ್ಲಿಷ್ ಉತ್ತರ ಬಂತು. ಕನ್ನಡದಲ್ಲಿ ಅದರ ಸಾರ ಇಷ್ಟು: ‘ಇಲಾಖೆಯು ತಿಳಿವಳಿಕೆಯನ್ನು ಮಾತ್ರ ನೀಡುತ್ತದೆ. ನಿರ್ಧಾರ ತಮ್ಮದು.’

ಹಾಗಾದರೆ ಆ ತಿಳಿವಳಿಕೆ ಎಲ್ಲಿ, ಮಾನ್ಯರೇ? ತರಬೇತಿಯ ಇಡೀ ದಿನದಲ್ಲಿ ನಿಮ್ಮವರು ನನ್ನನ್ನು ಏನೇನೋ ಕೇಳಿದರು. ಅಳುತ್ತೀರಾ, ನಗುತ್ತೀರಾ, ಕನಸು ದೊಡ್ಡದೋ ಚಿಕ್ಕದೋ ಎಂದೆಲ್ಲ. ಒಂದೇ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ‘ಈ ದುಡ್ಡು ಯಾತಕ್ಕೆ ಇಟ್ಟಿದ್ದೀರಿ?’ ಕೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲ. ಮಾವನ ಮಂಡಿಗೆ ಎನ್ನುತ್ತಿದ್ದೆ. ಹಾಗಾದರೆ ಅದನ್ನು ಮುಟ್ಟಬೇಡಿ, ಬ್ಯಾಂಕಿನಲ್ಲೇ ಮಲಗಿರಲಿ ಎಂದು ಅಂಥ ತರಬೇತುದಾರರೂ ಹೇಳುತ್ತಿದ್ದರೋ ಏನೋ. ಮದುವೆಯ ಹೊಸ ಗಾಳಿಯಲ್ಲಿ ತೇಲುತ್ತಿರುವ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ ‘ನಷ್ಟ ತಡೆದುಕೊಳ್ಳುತ್ತೀರಾ’ ಎಂದು ಕೇಳಿದರೆ ಅವಳು ಬೆಟ್ಟವನ್ನೇ ಹೊರುತ್ತೇನೆ ಎಂದಾಳು. ನೀವು ಅಳೆದದ್ದು ನನ್ನ ಸಂತೋಷವನ್ನು, ನಮ್ಮ ಮನೆಯ ಶಕ್ತಿಯನ್ನಲ್ಲ. ಸಂತೋಷ ನನ್ನದು, ಮಂಡಿ ಇನ್ನೊಬ್ಬರದು. ಕುಟುಂಬಕ್ಕೆ ಒಂದೇ ಬಣ್ಣ ಬಳಿಯುವಾಗ ಅದರಲ್ಲಿ ಮೆಟ್ಟಿಲು ಹತ್ತಲಾರದವರು ಯಾರಾದರೂ ಇದ್ದಾರೆಯೇ ಎಂದು ನೋಡುವುದು ಯಾರ ಕೆಲಸ?

ಕಳೆದ ತಿಂಗಳು ಮಾವನನ್ನು ವೈದ್ಯರಿಗೆ ತೋರಿಸಲೇಬೇಕಾಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನನ್ನ ಗಂಡ ಮತ್ತು ಎರಡನೇ ಮಹಡಿಯ ಅಂಕಲ್ ಕೆಳಗಿಳಿಸಿದರು. ವೈದ್ಯರು ತೊಡೆ ಒತ್ತಿ ನೋಡಿ, “ಸ್ನಾಯು ಸೊರಗ್ತಾ ಇದೆ. ಈ ವರ್ಷ ಬಿಟ್ಟರೆ ಆಮೇಲೂ ಆಪರೇಷನ್ ಮಾಡಬಹುದು, ಆದರೆ ನಡೀತಾರೆ ಅನ್ನೋ ಭರವಸೆ ನಾನು ಕೊಡಲ್ಲ” ಎಂದರು. ವಾಪಸ್ ಬಂದಾಗ ಮೊದಲ ತಿರುವಿನಲ್ಲೇ ಅಂಕಲ್‌ಗೆ ಏದುಸಿರು ಬಂತು. ಮಾವ, “ಇಳಿಸ್ರಪ್ಪಾ, ನನ್ನಿಂದ ನಿಮ್ಮ ಮಂಡಿನೂ ಹೋದೀತು” ಎಂದು ಮೆಟ್ಟಿಲ ಮೇಲೆ ಕೂತರು. ಆಮೇಲೆ ಎರಡೂ ಕೈ ಊರಿ, ಕೂತಲ್ಲಿಂದಲೇ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಏರತೊಡಗಿದರು. ಹಾಗೆ ಹಿಮ್ಮುಖವಾಗಿ ಏರುವವರ ಮುಖ ಕೆಳಗಿರುವವರ ಕಡೆಗೇ ಇರುತ್ತದೆ, ಮಾನ್ಯರೇ. ಮೂರನೇ ಮಹಡಿಯವರೆಗೂ ನಾನು ಅದನ್ನು ನೋಡಬೇಕಾಯಿತು. ಅವರೂ ನನ್ನದನ್ನು ನೋಡುತ್ತಿದ್ದರು. ನಡುವೆ ಒಮ್ಮೆ ನಿಂತು, ಬೆವರೊರೆಸಿಕೊಂಡು, “ಅಳಬೇಡಮ್ಮ. ಉಳಿದಿದ್ದು ಸಿಕ್ಕಿದ್ರೆ ಒಂದು ಕಾಲಾದ್ರೂ ಆಗತ್ತಲ್ಲ. ಕುಂಟೆಬಿಲ್ಲೆ ಆಡಕ್ಕೆ ಒಂದು ಸಾಕು” ಎಂದರು. ಅತ್ತೆ ಮೇಲಿನಿಂದ, “ಆಡೋ ವಯಸ್ಸು ನೋಡು” ಎಂದು ಬೈದರು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರು. ಬಹಳ ಹೊತ್ತು ನಿಲ್ಲಿಸಲಿಲ್ಲ.

ಅವತ್ತು ನಾನು ನಗಲಿಲ್ಲ. ನಿಮ್ಮ ಕಡತದಲ್ಲಿ ತಿದ್ದಿಕೊಳ್ಳಿ.

ಹೋದ ನಲವತ್ತನ್ನು ನಾನು ಕೇಳುತ್ತಿಲ್ಲ. ಅದು ನಾನು ತೆತ್ತ ಫೀಸು ಎಂದುಕೊಳ್ಳುತ್ತೇನೆ. ನಾನೂ ನನ್ನ ಗಂಡನೂ ತಿಂಗಳಿಗಿಷ್ಟು ಕೂಡಿಟ್ಟು ಎರಡನೇ ಮಂಡಿಗೆ ಹೊಂದಿಸುತ್ತೇವೆ. ಈಗ ಖರ್ಚು ಬರೆದಿಡಲು ಕಲಿತಿದ್ದೇವೆ, ಮೊದಲು ಎತ್ತಿಟ್ಟು ಆಮೇಲೆ ಖರ್ಚು ಮಾಡುವುದನ್ನೂ ಕಲಿತಿದ್ದೇವೆ. ನಿಮ್ಮಿಂದ ಅಲ್ಲ. ನನಗೆ ಬೇಕಾದದ್ದು ನಿಮ್ಮ ಒಂದು ಸಾಲು, ನಿಮ್ಮ ಸಹಿ, ನಿಮ್ಮ ಮೊಹರು: ‘ಈ ಕುಟುಂಬಕ್ಕೆ ಹಾಕಿದ ಬಣ್ಣ ತಪ್ಪು.’ ಮುಂದಿನ ತರಬೇತಿಯಲ್ಲಿ ಪಟ್ಟಿ ಹಂಚುವ ಮುನ್ನ ನಾನು ಮೇಲೆ ಬರೆದ ಆ ಒಂದು ಪ್ರಶ್ನೆಯನ್ನೂ ಕೇಳಿಸಿ. ಅದಕ್ಕೆ ಚಪ್ಪಾಳೆ ಬೇಕಿಲ್ಲ.

ಕೆಂಪು ಪಟ್ಟಿಯನ್ನು ಈ ಪತ್ರದ ಪ್ರತಿಯೊಂದಿಗೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಸಾಲು ಬರೆಯಲು ಮನಸ್ಸಾಗದಿದ್ದರೆ ಅದನ್ನು ನಿಮ್ಮ ಕೈಗೆ ಹಾಕಿಕೊಂಡು, ಧೈರ್ಯವಾಗಿ ನಮ್ಮ ಮೂರು ಮಹಡಿ ಹತ್ತಿ ಬನ್ನಿ. ಯಾಕೆ ಬರೆಯುವುದಿಲ್ಲ ಎಂದು ಮಾವನಿಗೆ ನೀವೇ ಹೇಳಿ. ಹಗಲು ಹೊತ್ತು ಬಂದರೆ ನಾವಿಬ್ಬರೂ ಕೆಲಸಕ್ಕೆ ಹೋಗಿರುತ್ತೇವೆ, ಅತ್ತೆ ಅಂಗಡಿಗೆ ಹೋಗಿರಬಹುದು. ಬಾಗಿಲು ತಟ್ಟಿ ಸ್ವಲ್ಪ ಕಾಯಿರಿ. ಒಳಗೆ ಯಾರೂ ಇಲ್ಲವೆಂದು ಹೊರಟುಹೋಗಬೇಡಿ. ಕುರ್ಚಿಯಿಂದ ಬಾಗಿಲಿಗೆ ಬರಲು ಅವರಿಗೆ ಹೊತ್ತು ಹಿಡಿಯುತ್ತದೆ.

ಇಂತಿ,
ಒಂದು ಕಾಲದಲ್ಲಿ ನಿಮ್ಮ ಚಪ್ಪಾಳೆಗೆ ಪಾತ್ರಳಾದ,
ಮೂರನೇ ಮಹಡಿಯ ಸೊಸೆ