ತಪ್ಪು ಭಾವನ ಕೋಡಿನದಲ್ಲ

೧೪ ಜೂನ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಭಾವನಿಗೆ, ನಿಮ್ಮ ತಲೆಹರಟೆ ನಾದಿನಿಯ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಬರೆಯುವುದು ತಡವಾಯಿತು, ಬೈಯಬೇಡಿ. ನೀವು ಫೋನು ಎತ್ತುವುದಿಲ್ಲ, ಮೇಲ್ ತೆರೆಯುವುದಿಲ್ಲ. ಅಕ್ಕನ ಕೈಯಲ್ಲಿ ಹೇಳಿಸಿದರೆ ಸಮಾಧಾನಕ್ಕೆ ಹೇಳುತ್ತಾಳೆ ಬಿಡು ಅನ್ನುತ್ತೀರಂತೆ. ಅದಕ್ಕೇ ಈ ಕಾಗದ. ಖಚಿತವಾಗಲಿ ಎಂದು ಕಾದೆ, ಈಗ ಆಗಿದೆ. ತಪ್ಪು ನಿಮ್ಮದಲ್ಲ ಭಾವ. ನಿಮ್ಮ ತಲೆಗೆ ಏನೂ ಆಗಿಲ್ಲ.

ಪೂರ್ತಿ ಹೇಳುತ್ತೇನೆ, ಇಲ್ಲದಿದ್ದರೆ ನೀವು ನಂಬುವ ಪೈಕಿಯಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಯಂತ್ರದ ಜೊತೆ ಮಾತಾಡುವುದು ನೀವು ಕಂಪ್ಯೂಟರಿನ ಸಿ ಭಾಷೆಯಲ್ಲಿ ಬರೆದ ಹಳೆಯ ಕೋಡು. ಅದರ ಮೇಲೆ ಹೊಸ ಭಾಷೆಯಲ್ಲಿ ಪ್ರೋಗ್ರಾಂ ಕಟ್ಟಿದವರು ನಮ್ಮ ತಂಡದವರು. ಅದು ಆಗಾಗ ಧೊಪ್ಪನೆ ಬಿದ್ದು ನಿಂತುಹೋಗುತ್ತಿತ್ತು, ಬಿದ್ದಾಗಲೆಲ್ಲ ದೋಷದ ವರದಿಯ ಕೊನೆಯಲ್ಲಿ ನಿಮ್ಮ ಕೋಡಿನ ಹೆಸರೇ. ನೀವು ಒಂದೊಂದು ಸಾಲಿಗೂ ನಿಲ್ಲಿಸಿ ನೋಡಿದರೆ ಮಾತ್ರ ಏನೂ ಅರಿಯದವರ ಹಾಗೆ ಓಡುತ್ತಿತ್ತು. ವಾರಗಟ್ಟಲೆ ತಡಕಾಡಿ, "ನಾನು ಬರೆದದ್ದೇ ನನಗೆ ತಿಳೀತಿಲ್ಲ. ಅಪ್ಪನಿಗೂ ಹೀಗೇ ಶುರುವಾಗಿದ್ದು" ಎಂದು ರಜೆ ಹಾಕಿ ಮನೆ ಸೇರಿದಿರಿ. ಕೊನೆಗಾಲದಲ್ಲಿ ಅವರು ನಿಮ್ಮನ್ನೇ ಗುರುತಿಸದೆ ಹೋದದ್ದು ನಮಗೂ ನೆನಪಿತ್ತು. ಡಾಕ್ಟರು ಎಲ್ಲ ಸರಿಯಿದೆ ಅಂದರೂ ನೀವು ಕೇಳಲಿಲ್ಲ.

ಹೋದ ವಾರ ನಾನು ಲ್ಯಾಬಿನಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಕೆಲಸ ಕಡಿಮೆಯಿದ್ದಾಗ ಬೀಳದು, ರಕ್ತದ ಕೊಳವೆಗಳು ಸಾಲುಗಟ್ಟಿದಾಗಲೇ ಬೀಳುವುದು. ಆಗ ಹೊಳೆಯಿತು. ನಮ್ಮ ಹೊಸ ಭಾಷೆಯೊಳಗೆ ಕಸ ಗುಡಿಸುವವನೊಬ್ಬ ಇದ್ದಾನಲ್ಲ, ಮೆಮೊರಿ ತುಂಬಿದಾಗ ಬಂದು ಯಾರೂ ಹಿಡಿದುಕೊಳ್ಳದ್ದನ್ನು ಬಳಿದು ಹಾಕುತ್ತಾನೆ. ಫಲಿತಾಂಶ ಬಂದಾಗ ಇಲ್ಲಿಗೆ ತಿಳಿಸು ಎಂದು ನಿಮ್ಮ ಕೋಡಿಗೆ ನಾವೊಂದು ವಿಳಾಸ ಕೊಟ್ಟಿದ್ದೆವು. ಕೊಟ್ಟವರು ನಮ್ಮ ಕಡೆ ಅದನ್ನು ಹಿಡಿದಿಟ್ಟುಕೊಳ್ಳಲೇ ಇಲ್ಲ. ನಿಮ್ಮ ಕೋಡಿನ ಕೈಯಲ್ಲಿರುವುದು ಅವನ ಕಣ್ಣಿಗೆ ಬೀಳದು, ಬೇಡದ್ದೆಂದು ಗುಡಿಸಿಬಿಟ್ಟ. ನಿಮ್ಮ ಕೋಡು ಪಾಪ, ಹೇಳಿದ ವಿಳಾಸಕ್ಕೇ ಹೋಯಿತು, ಅಲ್ಲಿ ಮನೆಯೇ ಇರಲಿಲ್ಲ. ನಿಲ್ಲಿಸಿ ನೋಡುವ ಹೊತ್ತಿನಲ್ಲಿ ಅವನು ಅದನ್ನು ಮುಟ್ಟುವುದಿಲ್ಲ, ಹಾಗಾಗಿ ನಿಮಗೆ ಸಿಗಲಿಲ್ಲ.

ಪರೀಕ್ಷೆಗೆಂದು ಬೇಕಂತಲೇ ಅವನಿಗೆ ಕಸ ಗುಡಿಸು ಎಂದು ಹೇಳಿದೆ. ಮೊದಲ ಕೊಳವೆಗೇ ಬಿತ್ತು! ಆ ವಿಳಾಸವನ್ನು ನಮ್ಮ ಕಡೆ ಹಿಡಿದಿಡುವ ಒಂದೇ ಸಾಲು ಸೇರಿಸಿದೆ. ಅವತ್ತಿನಿಂದ ಒಮ್ಮೆಯೂ ಬಿದ್ದಿಲ್ಲ. ನಿಮ್ಮ ಕೋಡಿನಲ್ಲಿ ಒಂದು ಚುಕ್ಕೆಯನ್ನೂ ಮುಟ್ಟಿಲ್ಲ. ಅದನ್ನು ಎತ್ತಿ ಎಸೆಯಿರಿ ಅಂದಿದ್ದ ಮ್ಯಾನೇಜರು ತಲೆ ಕೆರೆದುಕೊಂಡು, ನೀವು ಯಾವಾಗ ಬರುತ್ತೀರೆಂದು ಕೇಳಿದರು. ಕೇಳಿ ಹೇಳುತ್ತೇನೆ ಅಂದವಳು ಬಾತ್‌ರೂಮಿಗೆ ಹೋಗಿ ಚೆನ್ನಾಗಿ ಅತ್ತು ಬಂದೆ. ಎಷ್ಟು ಹಗುರಾಯಿತು ಗೊತ್ತಾ ಭಾವ.

ಅಕ್ಕನಿಗೆ ನನ್ನ ನೆನಪು ಹೇಳಿ, ಪುಟ್ಟಿಗೆ ಮುತ್ತು. ದೊಡ್ಡವರು ನೀವು, ಆಶೀರ್ವಾದ ಮಾಡಿ. ಬೈಯುವುದಿದ್ದರೂ ಸರಿ, ಫೋನು ಮಾಡಿ ಬೈಯಿರಿ.

ನಿಮ್ಮ
ನಾದಿನಿ

ತಾ.ಕ.: ಇದನ್ನು ಅಕ್ಕನಿಗೂ ಹೇಳಿಲ್ಲ. ಹೋದ ಸಲ ಬಂದಾಗ ಪುಟ್ಟಿ ನನ್ನ ಕಿವಿಯಲ್ಲಿ, "ಅಪ್ಪ ಈಗ ಸ್ಕೂಲಿಂದ ಕರ್ಕೊಂಡು ಬರಲ್ಲ ಚಿಕ್ಕಮ್ಮ. ನನ್ನನ್ನ ಎಲ್ಲಾದ್ರೂ ಬಿಟ್ಟು ಮರೆತುಬಿಡ್ತಾರಂತೆ" ಅಂದಳು. ನೀವು ಬಾಗಿಲು ಹಾಕಿಕೊಂಡು ಅಕ್ಕನಿಗೆ ಹೇಳಿದ್ದು ಅವಳಿಗೆ ಕೇಳಿಸಿದೆ. ಪಕ್ಕದ ಮನೆಯವರ ಜೊತೆ ನಡೆದು ಬರುವವಳು, ಆದರೂ ತನ್ನ ಚಿಕ್ಕ ಹೆಲ್ಮೆಟ್ಟನ್ನು ದಿನಾ ಕೈಯಲ್ಲಿ ಹಿಡಿದುಕೊಂಡೇ ಸ್ಕೂಲಿಗೆ ಹೋಗುತ್ತಾಳೆ. ಈ ಕಾಗದ ಸಿಕ್ಕ ದಿನವೇ ಸ್ಕೂಟರ್ ತೆಗೆಯಿರಿ ಭಾವ.