ಮಧ್ಯದ ಸಾಲಿನ ಬಾಗಿಲುಗಳು

ಸರೋವರದ ದಂಡೆ, ಮರಗೆಲಸದ ಶೆಡ್ಡು
ತಾರೀಕು 30, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮೊದಲು ನಿಮ್ಮ ಮಂಡಿಯ ಸಮಾಚಾರ ತಿಳಿಸಿ. ಕೋಲು ಬಿಟ್ಟು ನಡೆಯುತ್ತಿದ್ದೀರಿ ಎಂದು ಫೋನು ಮಾಡಿದ ತಮ್ಮ ಹೆಮ್ಮೆಯಿಂದ ಹೇಳಿದ. ಬಿಟ್ಟಿಲ್ಲ, ಮಂಚದ ಕೆಳಗೆ ಬಚ್ಚಿಟ್ಟಿದ್ದಾರೆ ಎಂದು ಅಮ್ಮ ಹಿಂದಿನಿಂದ ಕೂಗಿದ್ದೂ ಕೇಳಿಸಿತು. ದೋಣಿಮನೆಯ ಮಾಡಿನಿಂದ ಬಿದ್ದು ಇನ್ನೂ ಐದು ತಿಂಗಳಾಗಿಲ್ಲ, ಇಷ್ಟು ಬೇಗ ಶೂರತನ ಬೇಡ. ಕಿವಿಗೊಂದು ಮೆಷೀನು ಹಾಕಿಸಿಕೊಳ್ಳಿ ಎಂದರೆ ಅದನ್ನೂ ಕೇಳುವುದಿಲ್ಲ. ಮೂವತ್ತು ವರ್ಷ ಗರಗಸದ ಪಕ್ಕ ನಿಂತ ಕಿವಿ ಅದು. ಫೋನಿನಲ್ಲಿ ನಾನು ಏನೇ ಹೇಳಿದರೂ 'ಹ್ಞಾಂ, ಹ್ಞಾಂ, ಊಟ ಆಯ್ತಾ' ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯಲು ಕುಳಿತೆ. ಈ ಮೊದಲ ಪುಟವನ್ನು ಅಮ್ಮನಿಗೆ ಕೊಡಿ, ಅವಳಿಗೆ ಇಲ್ಲಿಯ ಸುದ್ದಿ ಬೇಕು. ಉಳಿದ ಪುಟಗಳನ್ನು ನೀವೊಬ್ಬರೇ ಓದಿ.

ಇಲ್ಲಿ ಬೇಸಿಗೆ ಮುಗಿಯಿತು. ಮೂವತ್ತೆರಡು ಮನೆಗಳಲ್ಲಿ ಹತ್ತೊಂಬತ್ತಕ್ಕೆ ಬೀಗ ಬಿದ್ದಿದೆ. ನೀವು ತಮ್ಮನ ಊರಿಗೆ ಹೋದ ಮೇಲೆ ಇಲ್ಲಿಯ ಉಸ್ತುವಾರಿ ನನ್ನದಲ್ಲವೇ, ಪ್ರತಿ ವರ್ಷದಂತೆ ಮನೆ ಮಾಲೀಕರ ಸಂಘದ ಸೂಚನಾಪತ್ರವನ್ನು ಮನೆಮನೆಯ ಅಂಚೆಡಬ್ಬಿಗೆ ಹಾಕಿ ಬಂದೆ. ಹದಿನೈದರೊಳಗೆ ದೋಣಿಗಳನ್ನು ನೀರಿನಿಂದ ಮೇಲಕ್ಕೆ ಎಳೆಯಬೇಕು, ಚಳಿಗೆ ಒಡೆಯದಂತೆ ನಲ್ಲಿಗಳನ್ನು ಬರಿದು ಮಾಡಬೇಕು, ಫ್ರಿಜ್ಜು ಖಾಲಿ ಮಾಡಿ ಅದರ ಬಾಗಿಲು ತೆರೆದಿಡಬೇಕು. ಕಳೆದ ವರ್ಷ ಐದನೆಯ ಮನೆಯವರು ಒಂದು ಇಡೀ ಮೀನನ್ನು ಫ್ರಿಜ್ಜಿನಲ್ಲಿ ಬಿಟ್ಟು ಹೋಗಿದ್ದು ನೆನಪಿದೆಯಲ್ಲ? ಬಾಗಿಲು ತೆಗೆದವರು ನೀವು, ಮೂರು ದಿನ ಅನ್ನ ಬಿಟ್ಟವಳು ನಾನು. ಅಧ್ಯಕ್ಷರು ಹೊಸ ದುರ್ಬೀನು ಕೊಂಡಿದ್ದಾರೆ. ಯಾರ ದೋಣಿ ಯಾರ ಕಂಬಕ್ಕೆ ಕಟ್ಟಿದೆ ಎಂದು ಬೆಳಿಗ್ಗೆ ಏಳಕ್ಕೇ ಮಹಡಿಯಿಂದ ನೋಡುತ್ತಾರೆ. ಬರುವ ಶನಿವಾರ ದೋಣಿಮನೆಯಲ್ಲಿ ಬೇಸಿಗೆಯ ಬೀಳ್ಕೊಡುಗೆ ಊಟ. ಹೋದವರೂ ಮಕ್ಕಳೊಂದಿಗೆ ವಾಪಸು ಬರುತ್ತಾರಂತೆ, ಎಪ್ಪತ್ತು ಜನ ಆಗಬಹುದು. ಪುಟ್ಟಿ ಚೆನ್ನಾಗಿದ್ದಾಳೆ. ಅಜ್ಜ ಮಾಡಿಕೊಟ್ಟ ಸ್ಟೂಲಿನ ಮೇಲೆ ನಿಂತು ನಿನ್ನಷ್ಟೇ ಎತ್ತರ ಆಗಿದ್ದೇನೆ ಎನ್ನುತ್ತಾಳೆ.

ಅಮ್ಮನ ಪುಟ ಇಲ್ಲಿಗೆ ಮುಗಿಯಿತು.

ಅಪ್ಪಾ, ಹನ್ನೆರಡು ದಿನದ ಹಿಂದಿನ ಮಾತು. ನೀರಿನ ಮೀಟರು ನೋಡಲು ಮಧ್ಯದ ಸಾಲಿಗೆ ಹೋಗಿದ್ದೆ. ಹದಿನೇಳನೆಯ ಮನೆಯ ಹಿಂದೆ ಯಾರೋ ಪಾಠ ಒಪ್ಪಿಸುವ ಹಾಗೆ ಒಂದೇ ಸಮನೆ 'ಯಾರಾದ್ರೂ ಇದ್ದೀರಾ, ಯಾರಾದ್ರೂ ಇದ್ದೀರಾ' ಅನ್ನುವುದು ಕೇಳಿಸಿತು. ನಮ್ಮ ಟೀಚರಮ್ಮ. ಬಚ್ಚಲುಮನೆಯ ಬಾಗಿಲು ಸಿಕ್ಕಿಕೊಂಡು ಮೂರು ತಾಸು ಒಳಗೇ ಇದ್ದರು. ಅಕ್ಕಪಕ್ಕದ ಮನೆಗಳೆಲ್ಲ ಬೀಗ ಹಾಕಿದವು, ಅವರ ಕೂಗು ಸರೋವರಕ್ಕೆ ಹೋಗಿ ವಾಪಸು ಬರುತ್ತಿತ್ತೇ ಹೊರತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ನಾನು ಕಿಟಕಿಯ ಹತ್ತಿರ ಹೋದರೆ, 'ಬಂದ್ಯಾ? ಸೋಪಿನ ಡಬ್ಬಿ ಮೇಲಿರೋದನ್ನ ಒಂಬತ್ತು ಸಲ ಓದಿದೀನಿ ಕಣೆ, ಅದರಲ್ಲಿ ಎರಡು ಕಾಗುಣಿತದ ತಪ್ಪಿದೆ' ಎಂದರು. ನಗುತ್ತಲೇ ಹೇಳಿದರು, ಆದರೆ ಕಿಟಕಿಯ ಸರಳು ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು. ಸಲಾಕೆ ಹಾಕಿ ಮೀಟಿ, ಭುಜ ಕೊಟ್ಟು ನೂಕಿ, ಕೊನೆಗೆ ಕೀಲುಗಳನ್ನೇ ಬಿಚ್ಚಿ ಬಾಗಿಲನ್ನು ಹೊರಗೆ ತಂದೆ.

ಹೆರೆದು ಕೊಡೋಣ ಎಂದು ಬಾಗಿಲನ್ನು ಅಡ್ಡ ಮಲಗಿಸಿದಾಗ ಅದರ ನೆತ್ತಿ ಕಂಡಿತು. ಬಾಗಿಲಿನ ನೆತ್ತಿಯನ್ನು ಬಡಗಿ ಬಿಟ್ಟು ಬೇರೆ ಯಾರೂ ನೋಡುವುದಿಲ್ಲ. ಅಲ್ಲಿ ನಿಮ್ಮ ಅಕ್ಷರ ಇತ್ತು. ಪೆನ್ಸಿಲಿನಲ್ಲಿ, ನೀವು ಯಾವಾಗಲೂ ಬರೆಯುವ ಹಾಗೆ, ವರ್ಷ ಮತ್ತು ಎಷ್ಟು ಹೆರೆದಿರಿ ಎನ್ನುವ ಗುರುತು. ಆರು ವರ್ಷದ ಹಿಂದೆ ಅರ್ಧ ನೂಲು. ಮರುವರ್ಷ ಮತ್ತೆ ಅರ್ಧ. ಆಮೇಲೆ ಒಂದು, ಒಂದೂವರೆ, ಎರಡು. ಕಳೆದ ವರ್ಷ ಮೂರು. ಈ ಸಲ ನಾನು ಹೆರೆಯಬೇಕಾಗಿದ್ದು ಐದು ನೂಲು, ಹತ್ತಿರ ಹತ್ತಿರ ಒಂದು ಬೆರಳಿನ ದಪ್ಪ. ಬಾಗಿಲು ನೆಟ್ಟಗೇ ಇದೆ ಅಪ್ಪಾ. ಓರೆಯಾಗಿರುವುದು ಗೋಡೆ.

ಟೀಚರಮ್ಮನಿಗೆ ಏನೂ ಹೇಳಲಿಲ್ಲ. ಸಂಘದ ಬೀಗದಕೈ ಗೊಂಚಲು ನನ್ನ ಹತ್ತಿರವೇ ಇದೆಯಲ್ಲ, ಅವತ್ತೂ ಮಾರನೆಯ ದಿನವೂ ಆ ಸಾಲಿನ ಒಂದೊಂದೇ ಮನೆಗೆ ಹೋಗಿ ಏಣಿ ಹಾಕಿ ಬಾಗಿಲುಗಳ ನೆತ್ತಿ ನೋಡಿದೆ. ಹದಿನಾಲ್ಕರಿಂದ ಇಪ್ಪತ್ತೊಂದರವರೆಗೆ ಎಂಟು ಮನೆ, ಎಂಟರಲ್ಲೂ ನಿಮ್ಮ ಅಕ್ಷರ. ದಂಡೆಯ ಸಾಲಿನಲ್ಲಿ ಒಂದೂ ಇಲ್ಲ. ಮೇಲಿನ ರಸ್ತೆಯ ಸಾಲಿನಲ್ಲೂ ಇಲ್ಲ. ಹಿಂತಿರುಗುವಾಗ ಗಮನಿಸಿದೆ, ಆ ಸಾಲಿನ ಬೇಲಿಕಂಬಗಳೆಲ್ಲ ಒಂದೇ ಕಡೆಗೆ, ಕೆಳಗಡೆ ನೀರಿನ ಕಡೆಗೆ ವಾಲಿವೆ. ಇಷ್ಟು ದಿನ ಅವುಗಳ ಪಕ್ಕದಲ್ಲೇ ಓಡಾಡಿದ್ದೇನೆ. ಮೇಲಿನ ರಸ್ತೆಯಿಂದ ಇಳಿಯುವ ಕಲ್ಲುಮೆಟ್ಟಿಲು ರಸ್ತೆಯಿಂದ ಬಿಟ್ಟುಕೊಂಡಿದೆ, ಸಂದಿಯಲ್ಲಿ ಕೈ ಹಾಕಿದರೆ ಮೊಣಕೈವರೆಗೂ ಹೋಯಿತು. ಒಳಗೆ ತಣ್ಣಗಿತ್ತು, ಎಲ್ಲೋ ನೀರು ಹರಿಯುವ ಸದ್ದು ಬರುತ್ತಿತ್ತು. ಕೈ ಬೇಗ ತೆಗೆದುಕೊಂಡೆ.

ಆ ವಾರವೇ ಮಧ್ಯದ ಸಾಲಿಗೆ ನೀರು ನಿಂತಿತು. ನಲ್ಲಿ ಮಾವನನ್ನು ಕರೆಸಿದೆ. ಅಗೆದು ನೋಡಿದರೆ ಪೈಪು ಒಡೆದಿರಲಿಲ್ಲ, ಜೋಡಿಸಿದ ಕಡೆ ಕಳಚಿಕೊಂಡು ಎರಡು ತುದಿಗಳ ನಡುವೆ ನಾಲ್ಕು ಬೆರಳು ಅಂತರ ಬಿದ್ದಿತ್ತು. ಮಾವ ತುಂಡು ಸೇರಿಸಿ ಮುಚ್ಚಿದ. ಆರನೆಯ ದಿನ ಅದೇ ಜಾಗದಲ್ಲಿ ಮತ್ತೆ ಎರಡು ಬೆರಳು. ಎಲ್ಲಕ್ಕೂ ತಮಾಷೆ ಮಾಡುವ ಮನುಷ್ಯ ಗುಂಡಿಯಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, 'ನಾನು ಪೈಪು ಗಿಡ್ಡ ಕತ್ತರಿಸಿದ್ದಲ್ಲಮ್ಮ. ನೆಲ ಎಳೀತಾ ಇದೆ' ಎಂದ. ಆಮೇಲೆ ಗುಂಡಿಯಿಂದ ಹತ್ತಿ ಬಂದು, ಕೈ ತೊಳೆಯದೆಯೇ, ಮಣ್ಣಿನ ಕೈಯಲ್ಲೇ ಬೀಡಿ ಹಚ್ಚಿದ.

ಅಧ್ಯಕ್ಷರ ಮನೆಗೆ ಹೋದೆ. ನಿಮ್ಮ ವಿಷಯ ಎತ್ತಲಿಲ್ಲ, ಪೈಪು ಮತ್ತು ಮೆಟ್ಟಿಲು ಎರಡನ್ನೇ ಹೇಳಿದೆ. ಶನಿವಾರದ ಊಟವನ್ನು ಬೇರೆ ಕಡೆ ಇಟ್ಟುಕೊಳ್ಳಿ, ದೋಣಿಮನೆ ಸರಿಯಾಗಿ ಆ ಸಾಲಿನ ಕೆಳಗೇ ಇದೆ ಎಂದೆ. ಅವರು ಕುರ್ಚಿ ಹಾಕಿ ಕೂರಿಸಿ, ಚಹಾ ತರಿಸಿ, ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಮರ ತೇವ ಕುಡಿದು ಉಬ್ಬುತ್ತದೆ, ಬೆಟ್ಟದ ಮನೆಗಳೆಂದರೆ ಇದೆಲ್ಲ ಇದ್ದದ್ದೇ ಎಂದರು. ಬೇಸಿಗೆಯಲ್ಲಿ ಮರ ಕುಗ್ಗುತ್ತದೆ ಸಾರ್, ಉಬ್ಬುವುದಿಲ್ಲ ಎಂದೆ. ಆಗ ನಕ್ಕು, 'ನಿಮ್ಮಪ್ಪನೂ ಒಂದ್ಸಲ ಹೀಗೇ ಬಂದಿದ್ರಮ್ಮ, ಇದೇ ಕುರ್ಚಿ. ಜನರನ್ನ ಹೆದರಿಸಬೇಡಿ, ಒಬ್ಬರು ಮಾರೋಕೆ ಹೊರಟರೆ ಎಲ್ಲರೂ ಮಾರ್ತಾರೆ ಅಂದೆ. ಅರ್ಥ ಮಾಡ್ಕೊಂಡ್ರು. ಒಳ್ಳೆ ಮನುಷ್ಯ' ಎಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ ಅಪ್ಪಾ. ನೀವು ಹೋಗಿ ಹೇಳಿದ್ದಿರಿ ಎಂದು ಒಂದು ಕ್ಷಣ ಸಮಾಧಾನವಾಯಿತು. ಒಂದೇ ಸಲ ಹೇಳಿ ಸುಮ್ಮನಾದಿರಿ ಎನ್ನುವುದು ಮನಸ್ಸಿಗೆ ಬಂದಿದ್ದು ಗೇಟು ದಾಟಿದ ಮೇಲೆ.

ಯಾಕೆ ಸುಮ್ಮನಾದಿರಿ ಎಂದು ಕೇಳುವುದಿಲ್ಲ. ಈ ಕೆಲಸ ಇದ್ದರೆ ಈ ಮನೆ. ಅಮ್ಮನಿಗೆ ಈ ಅಡುಗೆಮನೆಯ ಕಿಟಕಿ ಬಿಟ್ಟು ಬೇರೆ ಲೋಕ ಬೇಡವಾಗಿತ್ತು, ನಾನೂ ಆಗತಾನೇ ಪುಟ್ಟಿಯನ್ನು ಎತ್ತಿಕೊಂಡು ವಾಪಸು ಬಂದಿದ್ದೆ. ಇಷ್ಟೆಲ್ಲ ನನ್ನ ಊಹೆ, ತಪ್ಪಿದ್ದರೆ ಬೈಯಿರಿ. ಆದರೆ ಒಂದು ಮಾತು ಮಾತ್ರ ನಿದ್ದೆ ಬಿಡಿಸುತ್ತಿದೆ. ಕಳೆದ ಬೇಸಿಗೆಯಲ್ಲಿ ಪುಟ್ಟಿ ದಿನಾ ಮಧ್ಯಾಹ್ನ ಟೀಚರಮ್ಮನ ಮನೆಗೆ ಲೆಕ್ಕ ಕಲಿಯಲು ಹೋಗುತ್ತಿದ್ದಳಲ್ಲ, ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವರು ನೀವೇ. ಮೂರು ನೂಲು ಹೆರೆದದ್ದೂ ಅದೇ ಬೇಸಿಗೆ. ಅವಳನ್ನು ಒಳಗೆ ಬಿಟ್ಟು, ಪಾಠ ಮುಗಿಯುವವರೆಗೆ ನೀವು ಅಲ್ಲೇ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಿರಿ. ಮನೆಗೆ ಬಂದು ಮಲಗಬಾರದೇ ಅಪ್ಪಾ ಎಂದರೆ 'ಇಲ್ಲೇ ಗಾಳಿ ಚೆನ್ನಾಗಿದೆ' ಎನ್ನುತ್ತಿದ್ದಿರಿ. ಅದು ಗಾಳಿಗಲ್ಲ ಎಂದು ಈಗ ತಿಳಿಯುತ್ತಿದೆ. ಕಾವಲು ಕೂತಿದ್ದಿರಿ. ಬೆಟ್ಟ ಜಾರಿದರೆ ಕೂತವರು ಏನು ಮಾಡಲು ಸಾಧ್ಯವಿತ್ತು?

ಟೀಚರಮ್ಮನನ್ನು ಅಲ್ಲಿಂದ ಎಬ್ಬಿಸಿದ್ದೇನೆ, ಆ ಚಿಂತೆ ಬೇಡ. ಮೊದಲು ಒಪ್ಪಲೇ ಇಲ್ಲ. 'ಮೂವತ್ತೈದು ವರ್ಷ ಮಕ್ಕಳನ್ನ ಹೆದರಿಸಿದೋಳು ನಾನು, ನನ್ನನ್ನ ನೀನು ಹೆದರಿಸ್ತೀಯಾ?' ಎಂದರು. ವಾದ ಮಾಡದೆ ಕೈ ಹಿಡಿದು ಪೈಪಿನ ಗುಂಡಿಗೆ ಕರೆದುಕೊಂಡು ಹೋದೆ. ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ ಎರಡು ಚೀಲ, ರೇಡಿಯೋ, ಯಜಮಾನರ ಫೋಟೋ ತಂದು ಅಂಗಳದಲ್ಲಿಟ್ಟರು. ಮುಂಬಾಗಿಲಿಗೆ ಬೀಗ ಹಾಕಲು ಆಗಲಿಲ್ಲ, ಚಿಲಕ ಚೌಕಟ್ಟಿನ ತೂತಿಗೆ ತಾಗಲೇ ಇಲ್ಲ. ಹಗ್ಗದಲ್ಲಿ ಕಟ್ಟಿ ಬಂದೆವು. ಈಗ ಕೆಳಗಿನ ಪೇಟೆಯಲ್ಲಿ ನಲ್ಲಿ ಮಾವನ ಮನೆಯಲ್ಲಿದ್ದಾರೆ. ಮಾವನ ಹೆಂಡತಿಗೆ ಆಗಲೇ ಅಕ್ಷರ ತಿದ್ದಿಸುತ್ತಿದ್ದಾರಂತೆ. ಪುಟ್ಟಿಯನ್ನೂ ಅಲ್ಲಿಗೇ ಕಳಿಸಿದ್ದೇನೆ.

ಶನಿವಾರದ ಊಟ ಮಾತ್ರ ನಿಂತಿಲ್ಲ. ಬೆಂಚುಗಳನ್ನು ದೋಣಿಮನೆಗೆ ಸಾಗಿಸಿ ಎಂದು ಅಧ್ಯಕ್ಷರು ನಿನ್ನೆ ಮತ್ತೆ ಹೇಳಿಕಳಿಸಿದರು. ಸಾಗಿಸಿಲ್ಲ. ವಾರದ ಕೊನೆಗೆ ಜೋರು ಮಳೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಸರೋವರ ಈಗ ಎಷ್ಟು ಶಾಂತವಾಗಿದೆ ಎಂದರೆ ಆ ಎಂಟು ಮನೆಗಳು ಕಿಟಕಿಸಮೇತ ನೀರಿನಲ್ಲಿ ಕಾಣುತ್ತವೆ. ನನಗೆ ಅತ್ತ ನೋಡಲು ಮನಸ್ಸಾಗುವುದಿಲ್ಲ.

ಅಮ್ಮನಿಗೆ ನಮಸ್ಕಾರ. ತಮ್ಮನಿಗೂ ಅವನ ಹೆಂಡತಿಗೂ ನೆನಪು ಹೇಳಿ. ಮಾತ್ರೆಯನ್ನು ಊಟದ ಮೇಲೆ ತೆಗೆದುಕೊಳ್ಳಿ, ಖಾಲಿ ಹೊಟ್ಟೆಯಲ್ಲಲ್ಲ. ನಿಮ್ಮ ಮೇಲೆ ಸಿಟ್ಟಿದೆ, ನಿಮ್ಮನ್ನು ನೋಡಬೇಕು ಅಂತಲೂ ಇದೆ.

ನಿಮ್ಮ ಕಾಲಿಗೆ ನಮಸ್ಕರಿಸುವ
ನಿಮ್ಮ ಮಗಳು

ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಅಧ್ಯಕ್ಷರ ಮನೆಯಿಂದ ಬಂದ ದಿನವೇ ನಾನು ಕಳಿಸಿದ ಅರ್ಜಿ ನೋಡಿ, ನೆಲ ಪರೀಕ್ಷಿಸುವ ಸರ್ಕಾರದ ಇಂಜಿನಿಯರು ನಿನ್ನೆ ಬಂದಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎರಡು ತಾಸು ಬೆಟ್ಟ ಹತ್ತಿ ಇಳಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. 'ಇದು ಎಷ್ಟು ವರ್ಷದಿಂದ ಆಗ್ತಿದೆ? ನಿಧಾನವಾಗಿ ನಡೀತಿದ್ರೆ ಚಳಿಗಾಲ ಮುಗಿದ ಮೇಲೆ ನೋಡಬಹುದು. ವರ್ಷದಿಂದ ವರ್ಷಕ್ಕೆ ಜೋರಾಗ್ತಿದ್ರೆ ಇವತ್ತೇ ಇಡೀ ಜಾಗ ಮುಚ್ಚಿಸ್ತೀನಿ.' ಅಧ್ಯಕ್ಷರು ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು 'ಈ ಬೇಸಿಗೆಯಿಂದ' ಎಂದುಬಿಟ್ಟೆ ಅಪ್ಪಾ. ಕಣ್ಣೆದುರು ಎಂಟು ಬಾಗಿಲಿನ ಮೇಲೆ ನಿಮ್ಮ ಅಕ್ಷರ ಇತ್ತು, ಬಾಯಿ ಹಾಗೆಂದಿತು. ನಿಮಗೆ ಅವತ್ತು ಆ ಕುರ್ಚಿಯಲ್ಲಿ ಏನಾಯಿತು ಎಂದು ಆಗ ಗೊತ್ತಾಯಿತು. ಅವಳು ಬರೆದುಕೊಂಡು ಹೋದಳು.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಪೈಪು ತರಲು ನಿಮ್ಮ ಕಡೆಗೇ ಬರುವ ನಲ್ಲಿ ಮಾವನ ಕೈಯಲ್ಲಿ ಕೊಡುತ್ತಿದ್ದೇನೆ. ನೀವು ಬರೆದು ಕೊಡುವವರೆಗೆ ಅವನು ಎದ್ದು ಬರುವುದಿಲ್ಲ, ಹಾಗೆಂದು ಹೇಳಿಯೇ ಕಳಿಸುತ್ತಿದ್ದೇನೆ. ಯಾವ ವರ್ಷ ಎಷ್ಟು ಹೆರೆದಿರಿ, ಯಾರಿಗೆ ಯಾವಾಗ ಹೇಳಿದಿರಿ, ಕೆಳಗೆ ಒಂದು ಸಹಿ. ಅಷ್ಟು ಸಾಕು. ಬರೆಯದಿದ್ದರೂ ಮಂಗಳವಾರ ಬೆಳಿಗ್ಗೆ ನಾನೇ ಆ ಹುಡುಗಿಯ ಆಫೀಸಿಗೆ ಹೋಗಿ, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡು, ಎಲ್ಲ ಹೇಳುತ್ತೇನೆ. ಆದರೆ ನೀವು ಬರೆದರೆ ಅದು ನಿಮ್ಮ ಮಾತಾಗುತ್ತದೆ, ನಾನು ಹೇಳಿದರೆ ನಿಮ್ಮ ಮೇಲಿನ ದೂರಾಗುತ್ತದೆ. ಬರೆಯಿರಿ ಅಪ್ಪಾ. ವಾರದ ಕೊನೆಗೆ ಎಂದಿದ್ದ ಮಳೆ, ಈಗಲೇ ಶೆಡ್ಡಿನ ಮೇಲೆ ಹನಿಯ ಸದ್ದು ಶುರುವಾಗಿದೆ.